ಬರ್ಚ್ ಮರದಲ್ಲಿ ವೈದೇಹಮ್ಮ

ಮೋಲ್ನ್‌ಡಾಲ್ ಊರಿನ ಆ ವಸತಿ ಸಮುಚ್ಚಯದಲ್ಲಿ ಬಾಂಬ್ ಸಿಡಿದ ದಿನ ಮೊದಲು ಬರುವವರು ಪೊಲೀಸರು, ಆಮೇಲೆ ಗಾಜು ಕೂರಿಸುವವನು, ಅವನ ಹಿಂದೆಯೇ ಕಾಫಿ. ಕಾಫಿಯ ಜೊತೆಗೆ ಏಲಕ್ಕಿ ಹಾಕಿದ ಬನ್ನು. ಕಟ್ಟಡದ ಸಂಘದವರು ಅಂಗಳದಲ್ಲಿ ಮೇಜು ಇಟ್ಟು, ಒಡೆದ ಗಾಜನ್ನು ಕಾಲಿನಿಂದ ಅತ್ತ ಸರಿಸಿ, "ಬನ್ನಿ, ಫೀಕಾ ಮಾಡೋಣ, ನಾಲ್ಕು ಮಾತಾಡಿದರೆ ಮನಸ್ಸು ಹಗುರಾಗುತ್ತದೆ" ಎನ್ನುತ್ತಾರೆ. ಜನ ಬರುತ್ತಾರೆ, ಬಿಸಿಲು ಯಾವಾಗ ಬಂದೀತೆಂದು ಮಾತಾಡುತ್ತಾರೆ, ಎರಡನೆಯ ಬನ್ನು ತೆಗೆದುಕೊಳ್ಳುತ್ತಾರೆ. ಮನಸ್ಸು ಹಗುರಾಗುತ್ತದೆ.

ಸ್ವೀಡನ್ನಿನಲ್ಲಿ ಯುದ್ಧವಿಲ್ಲ. ಇದನ್ನು ಎಲ್ಲರೂ ಒಪ್ಪುತ್ತಾರೆ. ಮಾದಕವಸ್ತು ಮಾರುವ ಗುಂಪುಗಳು ತಮ್ಮ ತಮ್ಮೊಳಗೆ ಹಗೆ ತೀರಿಸಿಕೊಳ್ಳುತ್ತವೆ, ಅಷ್ಟೆ. ಅವುಗಳಿಗೂ ನಮಗೂ ಸಂಬಂಧವಿಲ್ಲ. ಬಾಂಬ್ ಇಡಲು ಬಂದವನು ಬಾಗಿಲಿನ ನಂಬರನ್ನು ಸರಿಯಾಗಿ ಓದಿಕೊಂಡರೆ ನಿಜಕ್ಕೂ ಸಂಬಂಧವಿಲ್ಲ. ಆದರೆ ಈ ದೇಶದಲ್ಲಿ ಎಲ್ಲ ಬಾಗಿಲುಗಳೂ ಒಂದೇ ತರಹ, ಬಂದವನಿಗೆ ಅವಸರ ಬೇರೆ. ಹೋದ ಫೆಬ್ರವರಿಯಲ್ಲಿ 'ಬಿ' ಮೆಟ್ಟಿಲಿನ ಮುಂಬಾಗಿಲು ಹಾರಿಹೋದಾಗ ಆ ಮೆಟ್ಟಿಲು ಹತ್ತುವ ಮನೆಗಳಲ್ಲಿದ್ದವರು ಇಬ್ಬರು ನಿವೃತ್ತ ದಾದಿಯರು, ಒಬ್ಬ ಪಿಟೀಲು ಮೇಷ್ಟ್ರು ಮತ್ತು ಬೆಂಗಳೂರಿನಿಂದ ಬಂದ ಎರಡು ಸಂಸಾರ. ಅಂದಿನಿಂದ ಅಲ್ಲಿ ಗಾಜಿನ ಬದಲು ಪ್ಲೈವುಡ್ ಹಲಗೆ ಇದೆ.

ನಮ್ಮವರು ಈ ಬದುಕಿಗೆ ಬೇಗ ಹೊಂದಿಕೊಂಡರು. ಮನೆ ಹುಡುಕುವಾಗ ಈಗ ಮೂರು ಪ್ರಶ್ನೆ: ಟ್ರಾಮ್ ಎಷ್ಟು ದೂರ, ಮಕ್ಕಳನ್ನು ಬಿಡುವ ದಾಗಿಸ್ ಎಷ್ಟು ದೂರ, ಆರು ತಿಂಗಳಲ್ಲಿ ಏನಾದರೂ ಸಿಡಿದಿದೆಯೇ. ಊರಿನಿಂದ ವಿಡಿಯೋ ಕರೆ ಬಂದ ಹೊತ್ತಿಗೆ ಸದ್ದಾದರೆ "ಪಟಾಕಿ ಅಮ್ಮಾ" ಎನ್ನುತ್ತಾರೆ. "ಫೆಬ್ರವರೀಲಿ ಅದ್ಯಾವ ಹಬ್ಬಾನೋ?" ಎಂದರೆ, "ಇಲ್ಲಿಯವರದ್ದು" ಎನ್ನುತ್ತಾರೆ. ಸುಳ್ಳೆಂದೂ ಹೇಳುವಂತಿಲ್ಲ.

'ಸಿ' ಮೆಟ್ಟಿಲಿನ ಎರಡನೆಯ ಮಹಡಿಯಲ್ಲಿ ರಮಾನಂದರಿದ್ದರು. ಎಪ್ಪತ್ತೆರಡು ವರ್ಷ. ಮೂವತ್ತಮೂರು ವರ್ಷದ ಹಿಂದೆ ಔಷಧ ಸಂಶೋಧನೆಗೆಂದು ಬಂದವರು, ಹೆಂಡತಿ ವೈದೇಹಿಯನ್ನೂ ಆರು ವರ್ಷದ ಮಗ ಹಯವದನನನ್ನೂ ಕರೆದುಕೊಂಡು ಬಂದಿದ್ದರು. ಹಗಲೆಲ್ಲ ಪ್ರಯೋಗಶಾಲೆಯಲ್ಲಿ ಹೃದಯದ ಮಾತ್ರೆ. ಶನಿವಾರ ಭಾನುವಾರ ಪೌರೋಹಿತ್ಯ. ಸತ್ಯನಾರಾಯಣ ಪೂಜೆ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಪಕ್ಕದ ಗೋಥೆನ್‌ಬರ್ಗಿನ ಕನ್ನಡಿಗರು ಅವರನ್ನೇ ಕರೆಯುತ್ತಿದ್ದರು. ಹೊಗೆಯ ಅಲಾರಂ ಕೂಗದಂತೆ ಹೋಮ ಮಾಡುವುದು ಆ ಊರಿನಲ್ಲಿ ಅವರೊಬ್ಬರಿಗೇ ಬರುತ್ತಿತ್ತು.

ವೈದೇಹಮ್ಮ ಏಪ್ರಿಲ್‌ನಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿ ಕಡೆಯ ವಾರ ಗಂಡನ ಕೈ ಹಿಡಿದು, "ನೋಡಿ, ಈ ಹೆಪ್ಪುಗಟ್ಟೋ ಮಣ್ಣಲ್ಲಿ ಮಾತ್ರ ನನ್ನ ಬಿಟ್ಟುಬಿಡಬೇಡಿ. ಮೂವತ್ಮೂರು ವರ್ಷ ಚಳೀಲಿ ನಡುಗಿದ್ದು ಸಾಕು. ಪಶ್ಚಿಮವಾಹಿನೀಲಿ ಬಿಡಿ" ಎಂದಿದ್ದರು. ರಮಾನಂದರು ಮಾತು ಕೊಟ್ಟಿದ್ದರು. ಹೆಂಡತಿಗೆ ಅವರು ಬದುಕಿನಲ್ಲಿ ಕೊಟ್ಟ ಮಾತುಗಳಲ್ಲಿ ಬಹಳಷ್ಟು ಮರೆತುಹೋಗಿದ್ದವು. ಇದೊಂದನ್ನಾದರೂ ನಡೆಸಲೇಬೇಕೆಂದು ಅವರು ದೇವರ ಮುಂದೆ ಕೈಮುಗಿದು ಹೇಳಿಕೊಂಡಿದ್ದರು.

ಜೂನ್ ಮೊದಲ ಶುಕ್ರವಾರ ಚಿತಾಗಾರದ ಕಚೇರಿಯಿಂದ ಅಸ್ಥಿ ಕೈಗೆ ಬಂತು. ಬೂದು ಬಣ್ಣದ ತಗಡಿನ ಡಬ್ಬಿ, ತಿರುಗಿಸುವ ಮುಚ್ಚಳ, ಮೇಲೊಂದು ನಂಬರು. ಪರದೇಶಕ್ಕೆ ಒಯ್ಯಲು ಅಡ್ಡಿಯಿಲ್ಲವೆಂಬ ಪತ್ರ ಜೊತೆಗೆ. ಭಾನುವಾರದ ವಿಮಾನಕ್ಕೆ ಟಿಕೆಟ್ ಆಗಿತ್ತು. ಶನಿವಾರ ಕೊಲ್ಲಿಯ ಕಡೆ ಯಾರೋ ಯಾರ ಮೇಲೋ ಕ್ಷಿಪಣಿ ಬಿಟ್ಟರು; ಆಕಾಶವನ್ನೇ ಮುಚ್ಚಿದರು; ವಿಮಾನ ರದ್ದಾಯಿತು. ಮುಂದಿನ ಟಿಕೆಟ್ ಸಿಕ್ಕಿದ್ದು ಮೂರು ವಾರಕ್ಕೆ.

ಮೂರು ವಾರ ಡಬ್ಬಿಯನ್ನು ಎಲ್ಲಿಡುವುದು? ಅಸ್ಥಿಯನ್ನು ಮನೆಯೊಳಗೆ ತರಬಾರದು, ಇದು ಶಾಸ್ತ್ರ. ಚಿತಾಭಸ್ಮವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಇದು ಸ್ವೀಡನ್ನಿನ ಕಾನೂನು. ಮೂವತ್ತಮೂರು ವರ್ಷದಲ್ಲಿ ಇವೆರಡೂ ಒಂದೇ ಮಾತು ಹೇಳಿದ್ದನ್ನು ರಮಾನಂದರು ನೋಡಿದ್ದು ಇದೇ ಮೊದಲು. ಕಚೇರಿಗೆ ವಾಪಸು ಕೊಡೋಣವೆಂದರೆ ಶನಿವಾರ ಭಾನುವಾರ ರಜ, ಸೋಮವಾರ ಫೋನು ಮಾಡಿದರೆ ಸಂಬಂಧಪಟ್ಟ ಅಧಿಕಾರಿ ಬೇಸಿಗೆ ರಜೆಗೆ ದ್ವೀಪಕ್ಕೆ ಹೋಗಿದ್ದಾರೆ, ಆಗಸ್ಟ್‌ಗೆ ಬರುತ್ತಾರೆ. ನೆಲಮಾಳಿಗೆಯ ಗೂಡಿನಲ್ಲಿಡೋಣವೆಂದರೆ ನೆಲದಡಿ ಇಟ್ಟರೆ ಹೂತಂತೆಯೇ. ಸೊಸೆ ಪಾವನಾಳನ್ನು ಕಾರು ಕೇಳಿದರು.

"ಕಾರಲ್ಲಿ ಬೇಡ ಮಾವ, ಪ್ಲೀಸ್. ಆರಾಧ್ಯಾನ ದಾಗಿಸ್‌ಗೆ ಬಿಡೋದು ಅದರಲ್ಲೇ. ಅತ್ತೆ ಅಂದ್ರೆ ನಂಗೆ ಗೌರವ ಇದೆ, ಆದ್ರೆ ಡಿಕ್ಕೀಲಿ ಅತ್ತೆ, ಹಿಂದಿನ ಸೀಟಲ್ಲಿ ಮಗು, ಹೆಂಗೆ?"

ಅದೂ ಸರಿಯೇ. ಕಡೆಗೆ ಅವರಿಗೆ ತಮ್ಮ ತಂದೆ ಮಾಡಿದ್ದು ನೆನಪಾಯಿತು. ಅಸ್ಥಿಯನ್ನು ಬಿಳಿಯ ಬಟ್ಟೆಯಲ್ಲಿ ಕಟ್ಟಿ ಊರಾಚೆಯ ಅರಳಿಮರಕ್ಕೆ ತೂಗುಹಾಕಿದ್ದರು. ನದಿಗೆ ಹೋಗುವ ದಿನ ಇಳಿಸಿಕೊಂಡಿದ್ದರು. ಮೋಲ್ನ್‌ಡಾಲ್‌ನಲ್ಲಿ ಅರಳಿಮರ ಎಲ್ಲಿಂದ ಬರಬೇಕು? ಅಂಗಳದಲ್ಲಿ ಬರ್ಚ್ ಮರವಿತ್ತು. ಬಿಳಿಯ ಕಾಂಡ, ಶುದ್ಧವಾಗಿ ಕಾಣುತ್ತಿತ್ತು. ಮಂಗಳವಾರ ಬೆಳಗ್ಗೆ ಐದಕ್ಕೆ, ಆ ಊರಿನ ಜೂನಿನಲ್ಲಿ ಆಗಲೇ ಹೊಳೆಯುವ ಬಿಸಿಲಿನಲ್ಲಿ, ಮಡಿಯುಟ್ಟು, ಏಣಿ ಹಾಕಿ, ಡಬ್ಬಿಯನ್ನು ತಮ್ಮ ಹಳೆಯ ಬಿಳಿಯ ಪಂಚೆಯ ತುಂಡಿನಲ್ಲಿ ಕಟ್ಟಿ, ಬಟ್ಟೆ ಒಣಹಾಕುವ ಹಗ್ಗದಿಂದ ಕೊಂಬೆಗೆ ಬಿಗಿದರು. ಆ ದಿನದಿಂದ ಪ್ರತಿ ಬೆಳಗ್ಗೆ ಮರದ ಕೆಳಗೆ ನಿಂತು ಸಹಸ್ರನಾಮ ಹೇಳಿ ಬರುತ್ತಿದ್ದರು.

ಮಗ ಒಂದು ದಿನ ಫೋನಿನಲ್ಲಿ, "ಅಪ್ಪಾ, ಅಮ್ಮನ್ನ ಎಲ್ಲಿಟ್ಟಿದೀರಿ?" ಎಂದು ಕೇಳಿದ್ದ. "ಹೊರಗಡೆ. ಕ್ಷೇಮವಾಗಿದಾಳೆ" ಎಂದಿದ್ದರು. "ಓಕೆ, ಸೂಪರ್. ಒಂದು ಮೀಟಿಂಗ್ ಇದೆ" ಎಂದು ಅವನು ಇಟ್ಟಿದ್ದ. ಹೊರಗಡೆ ಎಂದರೆ ಎಲ್ಲಿ ಎಂದು ಕೇಳಲಿಲ್ಲ.

ಎಂಟನೆಯ ದಿನ, ಮಂಗಳವಾರ ಬೆಳಗ್ಗೆ ಹತ್ತಕ್ಕೆ, ಪೊಲೀಸರು ಬಾಗಿಲು ತಟ್ಟಿದರು. ಎಲ್ಲರೂ ಕೂಡಲೇ ಹೊರಡಬೇಕು. ಪಕ್ಕದ ಶಾಲೆಯ ಆಟದ ಮೈದಾನಕ್ಕೆ. ರಮಾನಂದರು ಜಪದ ಮಣಿಯನ್ನು ಜೇಬಿಗೆ ಹಾಕಿಕೊಂಡು, ವಿಮಾನದ ಕಾಗದಗಳಿದ್ದ ಕೈಚೀಲ ತೆಗೆದುಕೊಂಡು ಇಳಿದರು. ಮೈದಾನದಲ್ಲಿ ಇನ್ನೂರು ಜನ ಸೇರಿದ್ದರು. ಕಟ್ಟಡದ ಸಂಘದ ಅಧ್ಯಕ್ಷೆ ಗುನ್ನೆಲ್ ಆಗಲೇ ಕಾಫಿಯ ಫ್ಲಾಸ್ಕುಗಳನ್ನು ಜೋಡಿಸುತ್ತಿದ್ದರು. ಪಿಟೀಲು ಮೇಷ್ಟ್ರು ಪಿಟೀಲಿನ ಪೆಟ್ಟಿಗೆಯನ್ನು ತಬ್ಬಿ ನಿಂತಿದ್ದ. ಅದನ್ನು ಪೊಲೀಸರಿಗೆ ಮೂರು ಸಲ ತೆರೆದು ತೋರಿಸಿ ಬಂದಿದ್ದ.

"ಈ ಸಲ ಸಿಡಿಯುವ ಮೊದಲೇ ಗೊತ್ತಾಯಿತು!" ಗುನ್ನೆಲ್ ಸಂತೋಷದಿಂದ ಎಲ್ಲರಿಗೂ ಹೇಳುತ್ತಿದ್ದರು. "ನಮ್ಮ ಸುರಕ್ಷತಾ ಪ್ರತಿನಿಧಿಗೆ ಧನ್ಯವಾದ ಹೇಳಬೇಕು."

ಸುರಕ್ಷತಾ ಪ್ರತಿನಿಧಿ ಎಂದರೆ ಹಯವದನ. 'ಎ' ಮೆಟ್ಟಿಲಿನವನು. ಫೆಬ್ರವರಿಯ ಸ್ಫೋಟದ ಮೇಲೆ ಕಟ್ಟಡದ ಸಂಘದ ಮಂಡಳಿಗೆ ಒಬ್ಬ ಸುರಕ್ಷತಾ ಪ್ರತಿನಿಧಿ ಬೇಕೆಂದಾಗ ಯಾರೂ ಕೈಯೆತ್ತಿರಲಿಲ್ಲ, ಇವನು ಎತ್ತಿದ್ದ. ಹಳದಿ ಜಾಕೆಟ್ ಕೊಟ್ಟಿದ್ದರು. ಅದನ್ನು ಈಗ ಹಾಕಿಕೊಂಡಿದ್ದ. ಪಕ್ಕದಲ್ಲಿ ಕನ್ನಡ ಸಂಘದ ಅಧ್ಯಕ್ಷ ಕೃಷ್ಣಮೂರ್ತಿ, ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ.

"ಅಪ್ಪಾ, ಬಂದ್ರಾ? ಗುಡ್. ಇಲ್ಲೇ ನಿಂತ್ಕೊಳ್ಳಿ" ಎಂದ ಹಯವದನ. "ನಿನ್ನೆ ಸಂಜೆ ಗುನ್ನೆಲ್ ಫೋನ್ ಮಾಡಿದ್ರು. ಅಂಗಳದಲ್ಲಿ ಒಂದು ಅನುಮಾನದ ವಸ್ತು. ಬೆಳಗ್ಗೆ ಹೋಗಿ ನೋಡ್ದೆ, ರಿಪೋರ್ಟ್ ಮಾಡ್ದೆ. ದಿನಾ ಬೆಳಗ್ಗೆ ಯಾರೋ ಒಬ್ಬ ಬಿಳೀ ಬಟ್ಟೆ ಸುತ್ಕೊಂಡು ಅದರ ಕೆಳಗೆ ನಿಂತು ಏನೋ ಗೊಣಗ್ತಾನಂತೆ. ಡಿಸ್ಕ್ರಿಪ್ಷನ್ ಎಲ್ಲ ಕೊಟ್ಟಿದೀನಿ."

ರಮಾನಂದರು ಜೇಬಿನೊಳಗಿನ ಜಪದ ಮಣಿಯನ್ನು ಹಿಡಿದುಕೊಂಡರು. "ಎಲ್ಲಿ? ಯಾವ ಜಾಗದಲ್ಲಿ?"

"ಬರ್ಚ್ ಮರದ ಮೇಲೆ. ಬಟ್ಟೇಲಿ ಸುತ್ತಿ ನೇತುಹಾಕಿದಾರೆ. ನೋಡಿ, ರೋಬೋ ಬಂತು."

ಬೇಲಿಯ ಆಚೆ, ಎರಡು ಕಟ್ಟಡಗಳ ನಡುವಿನಿಂದ ಅಂಗಳ ಕಾಣುತ್ತಿತ್ತು. ಮರದ ಸುತ್ತ ಯಾರೂ ಇಲ್ಲ. ಚಿಕ್ಕ ಟ್ರಾಕ್ಟರಿನಂಥ ಒಂದು ಯಂತ್ರ ಕುಂಟುತ್ತ ಹುಲ್ಲಿನ ಮೇಲೆ ಹೋಗುತ್ತಿತ್ತು. ಅದರ ಕೈ ಮೇಲೆದ್ದು ಕೊಂಬೆಯ ಕಡೆಗೆ ಚಾಚಿಕೊಂಡಿತ್ತು.

"ಏನು ಮಾಡ್ತಾರೆ ಅದನ್ನ?"

"ಶೂಟ್ ಮಾಡ್ತಾರೆ. ನೀರಿನ ಒತ್ತಡದಲ್ಲಿ. ಪುಡಿಪುಡಿ."

"ಹಯವದನಾ," ರಮಾನಂದರು ಮಗನ ಹಳದಿ ತೋಳನ್ನು ಹಿಡಿದರು, "ಅದು ನಿನ್ನ ಅಮ್ಮ ಕಣೋ."

ಹಯವದನ ಮರವನ್ನು ನೋಡಿದ, ಅಪ್ಪನನ್ನು ನೋಡಿದ, ಅಪ್ಪನ ಪಂಚೆಯನ್ನು ನೋಡಿದ.

"ಗೊಣಗ್ತಿದ್ದೋರು ನೀವಾ?"

"ಸಹಸ್ರನಾಮ ಹೇಳ್ತಿದ್ದೆ."

ಕೃಷ್ಣಮೂರ್ತಿ ಫೋನನ್ನು ಕೆಳಗಿಳಿಸಿದ. "ಒಂದು ನಿಮಿಷ, ಆಚಾರ್ರೇ. ಈ ಕಡೆ ಬನ್ನಿ. ಮೆಲ್ಲಗೆ ಮಾತಾಡಿ, ಕನ್ನಡದಲ್ಲೇ ಮಾತಾಡಿ." ಮೂವರೂ ಗೋಲಿನ ಕಂಬದ ಹಿಂದೆ ಸರಿದರು. "ನೀವು ಯಾರಿಗೂ ಹೇಳಿಲ್ಲ ತಾನೇ?"

"ಯಾಕೆ ಹೇಳಬಾರದು? ಈಗಲೇ ಹೋಗಿ ಹೇಳ್ತೀನಿ."

"ತಾಳ್ರಿ, ಯೋಚನೆ ಮಾಡಿ ಆಚಾರ್ರೇ. ನನ್ನ ಸಿಟಿಜನ್‌ಶಿಪ್ ಅರ್ಜಿ ಹದಿನೆಂಟು ತಿಂಗಳಿಂದ ಅವರ ಮೇಜಿನ ಮೇಲಿದೆ. ನಮ್ಮ ಹುಡುಗ್ರು ನಲವತ್ತು ಜನ ವರ್ಕ್ ಪರ್ಮಿಟ್‌ನಲ್ಲಿದ್ದಾರೆ. ನಾಳೆ ಪೇಪರಲ್ಲಿ ಬರುತ್ತೆ: ಭಾರತೀಯರು ಹೆಣ ಮರಕ್ಕೆ ನೇತುಹಾಕ್ತಾರೆ ಅಂತ."

"ಹೆಣ ಅಲ್ಲ, ಅಸ್ಥಿ."

"ಅವರಿಗೆ ವ್ಯತ್ಯಾಸ ಗೊತ್ತಾ?"

"ಅಪ್ಪಾ," ಹಯವದನ ಹಣೆಯ ಬೆವರು ಒರೆಸಿಕೊಂಡ, "ನಾನೇ ರಿಪೋರ್ಟ್ ಮಾಡಿದ್ದು. ಫಾರಂನಲ್ಲಿ ನನ್ನ ಹೆಸರು, ಪರ್ಸೋನ್‌ನಂಬರ್ ಎಲ್ಲ ಇದೆ. ಇನ್ನೂರು ಜನಾನ ಮನೆಯಿಂದ ಎಬ್ಬಿಸಿದೀನಿ. ಈಗ ಹೋಗಿ, ಸಾರಿ, ಅದು ನಮ್ಮಮ್ಮ ಅಂದ್ರೆ ನನ್ನ ಮುಖ ಏನಾಗುತ್ತೆ? ಆಫೀಸಲ್ಲಿ ಏನಂತಾರೆ?"

"ಮತ್ತೆ ಅಮ್ಮನ ಗತಿ?"

ಕೃಷ್ಣಮೂರ್ತಿ ಉತ್ತರಿಸಿದ. ಧರ್ಮದ ವಿಷಯದಲ್ಲಿ ಅವನು ಹಿಂದೆ ಬಿದ್ದವನಲ್ಲ. ಗಣೇಶ ಚತುರ್ಥಿಯ ದಿನ ಮೈಕು ಅವನ ಕೈಯಲ್ಲೇ ಇರುತ್ತಿತ್ತು.

"ಆಚಾರ್ರೇ, ನೀವೇ ಹೇಳ್ತಿರ್ತೀರಿ, ದೇಹ ಪಂಚಭೂತಕ್ಕೆ ಸೇರಬೇಕು ಅಂತ. ನೀರು ಹಾಕ್ತಾರೆ, ಗಾಳೀಲಿ ಹಾರುತ್ತೆ, ಮಣ್ಣಿಗೆ ಬೀಳುತ್ತೆ. ಮೂರು ಭೂತ ಆಯ್ತು. ಬೆಂಕಿ ಮೊದಲೇ ಆಗಿದೆ. ಆಕಾಶ ಎಲ್ಲ ಕಡೆ ಇದೆ. ಇನ್ನೇನು ಉಳೀತು? ಸರಕಾರದ ಖರ್ಚಲ್ಲಿ ಸದ್ಗತಿ!"

ರಮಾನಂದರು ಅವನನ್ನು ದಿಟ್ಟಿಸಿ ನೋಡಿದರು. ಇವನ ಮಗನ ನಾಮಕರಣ ಮಾಡಿದ್ದು ತಾವೇ. ಅವತ್ತು ಇವನು ಫೋನಿನಲ್ಲಿದ್ದುದರಿಂದ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದು ವೈದೇಹಿ.

"ಕೃಷ್ಣಮೂರ್ತಿ, ನಿಮ್ಮ ಅಜ್ಜಿಯ ಅಸ್ಥಿ ಎಲ್ಲಿ ಬಿಟ್ಟಿರಿ?"

"ಕಾಶೀಲಿ."

"ಸಂತೋಷ," ಎಂದು ರಮಾನಂದರು ಪೊಲೀಸರ ಪಟ್ಟಿ ಕಟ್ಟಿದ್ದ ಕಡೆಗೆ ನಡೆದರು. ಹಿಂದಿನಿಂದ ಮಗ "ಅಪ್ಪಾ, ಬೇಡ, ಅಪ್ಪಾ" ಎನ್ನುತ್ತಿದ್ದ. ಕೂಗುವಷ್ಟು ಜೋರಾಗಿ ಅಲ್ಲ. ಜನ ತಿರುಗಿ ನೋಡಿಯಾರೆಂಬ ಭಯ.

ಪಟ್ಟಿಯ ಹತ್ತಿರ ಬಾಂಬ್ ದಳದ ಅಧಿಕಾರಿಣಿ ನಿಂತಿದ್ದಳು. ಯೋಸೆಫಿನ್ ಎಂದು ಎದೆಯ ಮೇಲೆ ಬರೆದಿತ್ತು. ಮೂವತ್ತರ ಆಸುಪಾಸು, ಕೆಂಚು ಕೂದಲು. ರಮಾನಂದರು ಸ್ವೀಡಿಷ್ ಭಾಷೆಯನ್ನು ವ್ಯಾಕರಣದ ಪುಸ್ತಕದಿಂದ ಕಲಿತವರು. ಪೂಜೆ ಮಾಡಿಸುವಷ್ಟೇ ಶ್ರದ್ಧೆಯಿಂದ ಮಾತಾಡುತ್ತಿದ್ದರು.

"ಕ್ಷಮಿಸಿ. ಆ ಮರದಲ್ಲಿರುವುದು ಬಾಂಬ್ ಅಲ್ಲ. ನನ್ನ ಹೆಂಡತಿ."

ಯೋಸೆಫಿನ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ನೋಟ ಕಾಲ ಬುಡದ ಪಂಚೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. "ನಿಮ್ಮ ಹೆಂಡತಿ ಮರದ ಮೇಲೆ ಏನು ಮಾಡುತ್ತಿದ್ದಾರೆ?"

"ವಿಮಾನಕ್ಕೆ ಕಾಯುತ್ತಿದ್ದಾಳೆ."

ಅವರು ಕೈಚೀಲದಿಂದ ಪತ್ರ ತೆಗೆದು ಕೊಟ್ಟರು. ರದ್ದಾದ ಟಿಕೆಟ್, ಹೊಸ ಟಿಕೆಟ್, ಮರಣಪತ್ರ ಎಲ್ಲವನ್ನೂ ಕೊಟ್ಟರು. ಅವಳು ಓದಿದಳು.

"ಮನೆಯಲ್ಲಿ ಯಾಕೆ ಇಟ್ಟುಕೊಳ್ಳಲಿಲ್ಲ?"

"ನಿಮ್ಮ ಕಾನೂನು ಬೇಡವೆನ್ನುತ್ತದೆ. ನಮ್ಮ ಶಾಸ್ತ್ರವೂ ಬೇಡವೆನ್ನುತ್ತದೆ."

"ಮರದಲ್ಲಿ ಇಡಬಹುದೆಂದು ಯಾವ ಕಾನೂನಿನಲ್ಲಿದೆ?"

"ಇಡಬಾರದೆಂದು ಯಾವುದರಲ್ಲಿದೆ ಹೇಳಿ, ಈಗಲೇ ಇಳಿಸುತ್ತೇನೆ."

ಅವಳು ಹತ್ತಿರದ ವ್ಯಾನಿನಲ್ಲಿದ್ದ ಸಹೋದ್ಯೋಗಿಯ ಕಡೆ ನೋಡಿದಳು. ಅವನು ಪರದೆಯ ಮುಂದೆ ಕೂತಿದ್ದ. ರೋಬೋ ತೆಗೆದ ಎಕ್ಸ್-ರೇ ಚಿತ್ರ ಆಗಷ್ಟೇ ಬಂದಿತ್ತು. ಅವನು ತಲೆಯಾಡಿಸಿ ಅವಳನ್ನು ಕರೆದ. ಅವಳು ಹೋಗಿ ನೋಡಿ ಬಂದಾಗ ಮುಖ ಬಿಗಿದಿತ್ತು.

"ಬೂದಿ ಇದೆ, ನಿಜ. ಆದರೆ ಬೂದಿಯೊಳಗೆ ತಂತಿ ಇದೆ. ಬ್ಯಾಟರಿಗಳಿವೆ. ನಿಮ್ಮ ಹೆಂಡತಿಗೆ ಬ್ಯಾಟರಿ ಇತ್ತೇ?"

ಎಪ್ಪತ್ತೆರಡು ವರ್ಷದ, ವೇದ ಕಲಿತ, ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮನುಷ್ಯ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಮರಕ್ಕೆ ತೂಗುಹಾಕಿದ ದಿನ, ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟುವ ಮೊದಲು, ಅವರು ಮುಚ್ಚಳ ತಿರುಗಿಸಿ ವೈದೇಹಿಯ ಕಿವಿಯ ಯಂತ್ರವನ್ನು ಒಳಗೆ ಹಾಕಿದ್ದರು. ಜೊತೆಗೆ ಅದರ ಚಾರ್ಜರ್ ಕೂಡ.

"ಅವಳಿಗೆ ಆರು ವರ್ಷದಿಂದ ಕಿವಿ ಕೇಳುತ್ತಿರಲಿಲ್ಲ" ಎಂದರು. ಧ್ವನಿ ತಗ್ಗಿತು. "ಕಿವಿಯ ಯಂತ್ರ. ನಾನು ಸಹಸ್ರನಾಮ ಶುರು ಮಾಡಿದ ಕೂಡಲೇ ಅದನ್ನು ತೆಗೆದು ಮೇಜಿನ ಮೇಲಿಡುತ್ತಿದ್ದಳು. ದಿನಾ ಅದನ್ನೇ ಕೇಳಿ ಸಾಕಾಗಿದೆ ಎನ್ನುತ್ತಿದ್ದಳು. ಈಗಲಾದರೂ ಪೂರ್ತಿ ಕೇಳಲಿ ಎಂದು ಹಾಕಿದೆ."

"ಅದು ಆಸ್ಪತ್ರೆಯವರು ಎರವಲು ಕೊಟ್ಟದ್ದಲ್ಲವೇ? ಹಿಂತಿರುಗಿಸಬೇಕಿತ್ತು."

"ಹೌದು. ಪತ್ರ ಬಂದಿದೆ."

ಯೋಸೆಫಿನ್ ಒಂದು ಕ್ಷಣ ಬೇರೆ ಕಡೆ ನೋಡಿದಳು; ತುಟಿ ಕಚ್ಚಿಕೊಂಡಂತಿತ್ತು. ಆಮೇಲೆ ಮತ್ತೆ ಅಧಿಕಾರಿಯಾದಳು. "ನಾನು ನಿಮ್ಮನ್ನು ನಂಬಬಹುದು. ಆದರೆ ತಂತಿ, ಬ್ಯಾಟರಿ ಕಂಡ ಮೇಲೆ ನಿಯಮ ನನ್ನನ್ನು ನಂಬಲು ಬಿಡುವುದಿಲ್ಲ. ಅನುಮಾನದ ವಸ್ತುವೆಂದು ವರದಿ ಕೊಟ್ಟವರಿದ್ದಾರೆ. ಅವರು ಬೆಳಗ್ಗೆ ಹತ್ತಿರ ಹೋಗಿ ನೋಡಿದ್ದಾರಂತೆ. ಅದು ಚಿತಾಭಸ್ಮದ ಡಬ್ಬಿ, ತನಗೆ ಗೊತ್ತಿರುವ ವಸ್ತು ಎಂದು ಅವರು ಬರೆದುಕೊಟ್ಟರೆ ಕೈಯಿಂದ ಇಳಿಸಲು ನೋಡುತ್ತೇನೆ. ಇಲ್ಲವಾದರೆ ಹತ್ತು ನಿಮಿಷದಲ್ಲಿ ಹೊಡೆಯಲೇಬೇಕು."

"ವರದಿ ಕೊಟ್ಟವನು ಅವಳ ಮಗ."

ಯೋಸೆಫಿನ್ ಕೈಬೀಸಿ ಹಯವದನನನ್ನು ಕರೆದಳು. ಅವನು ಬಂದ. ಅವನ ಹಿಂದೆ ಕಾಫಿಯ ಲೋಟ ಹಿಡಿದ ಗುನ್ನೆಲ್ ಬಂದರು, ಇಬ್ಬರು ನಿವೃತ್ತ ದಾದಿಯರು ಬಂದರು, ಎಲ್ಲಿಂದಲೋ ಸ್ಥಳೀಯ ಪತ್ರಿಕೆಯ ಒಬ್ಬ ಹುಡುಗಿ ಕ್ಯಾಮೆರಾ ಹಿಡಿದು ಬಂದಳು.

"ಆ ಡಬ್ಬಿಯಲ್ಲಿರುವುದು ನಿಮ್ಮ ತಾಯಿಯ ಚಿತಾಭಸ್ಮ ಎಂದು ನೀವು ದೃಢಪಡಿಸುತ್ತೀರಾ?"

ಹಯವದನ ಕ್ಯಾಮೆರಾ ನೋಡಿದ. ಗುನ್ನೆಲ್‌ರನ್ನು ನೋಡಿದ. ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೊಂಡ.

"ಹೇಳೋ," ಎಂದರು ರಮಾನಂದರು ಕನ್ನಡದಲ್ಲಿ. "ಹೌದು ಅನ್ನು. ಒಂದೇ ಶಬ್ದ."

"ನಾನು..." ಹಯವದನ ಸ್ವೀಡಿಷಿನಲ್ಲಿ ಹೇಳಿದ, "ನಾನು ಪ್ಯಾಕ್ ಮಾಡಿದ್ದಲ್ಲ. ಒಳಗೆ ಏನಿದೆ ಅಂತ ನನಗೆ ಖಚಿತವಿಲ್ಲ. ಸುರಕ್ಷತೆಯ ದೃಷ್ಟಿಯಿಂದ ನಾನು ದೃಢಪಡಿಸಲಾರೆ."

ಗುನ್ನೆಲ್ ಮೆಚ್ಚಿ ತಲೆದೂಗಿದರು. ಎಷ್ಟು ಜವಾಬ್ದಾರಿಯುತ ಉತ್ತರ!

ರಮಾನಂದರು ಮಗನ ಮುಖವನ್ನು ನೋಡುತ್ತ ನಿಂತರು. ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಇವನಿಗೆ ಜ್ವರ ಬಂದಾಗ ವೈದೇಹಿ ಇವನನ್ನು ಕೋಟಿನೊಳಗೆ ಕಟ್ಟಿಕೊಂಡು ಹಿಮದಲ್ಲಿ ಎರಡು ಮೈಲಿ ನಡೆದಿದ್ದಳು. ಅವಳು ಯಾರನ್ನೂ ದೃಢಪಡಿಸಿ ಎಂದು ಕೇಳಿರಲಿಲ್ಲ. ಅದನ್ನು ಈಗ ಇವನಿಗೆ ನೆನಪಿಸಿ ಪ್ರಯೋಜನವಿಲ್ಲ, ಹತ್ತು ನಿಮಿಷದಲ್ಲಿ ಎರಡು ಆಗಲೇ ಕಳೆದಿದ್ದವು.

ಅವರು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದರು. ಬಗ್ಗಿದರು. ಪಟ್ಟಿಯ ಕೆಳಗೆ ನುಸುಳಿದರು. ನಡೆದರು.

"ನಿಲ್ಲಿ!" ಎಂದು ಯೋಸೆಫಿನ್ ಕೂಗಿದಳು. "ನೆಲದ ಮೇಲೆ ಮಲಗಿ!" ಎಂದು ವ್ಯಾನಿನವನು ಕೂಗಿದ. "ಅಪ್ಪಾ!" ಎಂದು ಹಯವದನ ಕೂಗಿದ, ಈ ಸಲ ಜೋರಾಗಿಯೇ. ರಮಾನಂದರು ಗಟ್ಟಿಯಾಗಿ ನಾಮ ಹೇಳುತ್ತ ನಡೆದರು. ಮುದುಕ ಹೆಜ್ಜೆ ಹಾಕಿದ್ದು ಮೆಲ್ಲಗೆ. ಆದರೆ ಪಟ್ಟಿ ದಾಟಿ ಅವರನ್ನು ಹಿಡಿಯಲು ನಿಯಮದ ಪ್ರಕಾರ ಭಾರದ ಉಡುಪು ತೊಡಬೇಕು, ಉಡುಪು ತೊಡಲು ಆರು ನಿಮಿಷ ಬೇಕು. ರೋಬೋ ಅಡ್ಡ ಬಂತು. ಅವರು ಅದನ್ನು ಬಳಸಿ ಹೋದರು. ಅದು ತಿರುಗುವಷ್ಟರಲ್ಲಿ ಗೋಡೆಗೆ ಒರಗಿಸಿದ್ದ ತಮ್ಮ ಏಣಿಯನ್ನು ತಂದು ಮರಕ್ಕೆ ಆನಿಸಿಯಾಗಿತ್ತು.

ಕಟ್ಟಿದ್ದು ತಾವೇ, ಗಂಟು ಬೇಗ ಬಿಚ್ಚಿತು. ಡಬ್ಬಿಯನ್ನು ಎದೆಗವಚಿಕೊಂಡು ಇಳಿದು, ಮರದ ಬುಡದ ಬೆಂಚಿನ ಮೇಲೆ ಕೂತರು. ಬಟ್ಟೆ ಬಿಚ್ಚಿ, ಮುಚ್ಚಳ ತಿರುಗಿಸಿ, "ತಪ್ಪು ತಿಳ್ಕೋಬೇಡ, ಕೈ ಹಾಕ್ತೀನಿ" ಎಂದು ಹೇಳಿ, ಬೂದಿಯೊಳಗಿಂದ ಕಿವಿಯ ಯಂತ್ರವನ್ನೂ ಚಾರ್ಜರನ್ನೂ ಹೊರತೆಗೆದರು. ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. ಆಮೇಲೆ ಎದುರಿನ ಹುಲ್ಲಿನ ಮೇಲಿಟ್ಟರು.

ರೋಬೋ ಬಂದು ಅವನ್ನು ಎರಡು ಉಕ್ಕಿನ ಬೆರಳಿನಲ್ಲಿ ಎತ್ತಿಕೊಂಡು, ದೇವರ ಪ್ರಸಾದ ಒಯ್ಯುವಂತೆ ಅಲುಗದೆ, ಮೆಲ್ಲಗೆ ಹೊರಟುಹೋಯಿತು.

ಇನ್ನು ಅವರನ್ನು ಮುಟ್ಟುವಂತಿಲ್ಲ. ಡಬ್ಬಿಯನ್ನು ಮತ್ತೊಮ್ಮೆ ಪರೀಕ್ಷಿಸುವವರೆಗೆ ಯಾರೂ ನೂರು ಮೀಟರಿನೊಳಗೆ ಬರುವಂತಿಲ್ಲ. ಧ್ವನಿವರ್ಧಕದಲ್ಲಿ "ದಯವಿಟ್ಟು ವಸ್ತುವಿನಿಂದ ದೂರ ಸರಿಯಿರಿ" ಎಂದು ಮೂರು ಸಲ ಹೇಳಿದರು. ವಸ್ತು ಅವರ ತೊಡೆಯ ಮೇಲಿತ್ತು. ಹೀಗೆ, ಇನ್ನೂರು ಜನರ ಮನೆಗಳು ಖಾಲಿಯಾಗಿ, ಸುತ್ತ ಒಂದು ನರಪಿಳ್ಳೆಯೂ ಇಲ್ಲದೆ, ಗಂಡಹೆಂಡತಿ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂತರು. ಆಸ್ಪತ್ರೆ, ಚಿತಾಗಾರ, ಸಂತಾಪದ ಫೋನುಗಳು, ಸಂಘದ ಶ್ರದ್ಧಾಂಜಲಿ ಸಭೆ, ಎಲ್ಲ ಸೇರಿ ಎರಡು ತಿಂಗಳಿನಿಂದ ಅವರನ್ನು ಒಂದು ಘಳಿಗೆಯೂ ಒಂಟಿಯಾಗಿ ಬಿಟ್ಟಿರಲಿಲ್ಲ. ರಮಾನಂದರು ಆಗ ಮೊದಲ ಬಾರಿಗೆ ಅತ್ತರು. ದೂರದಿಂದ ನೋಡುವವರಿಗೆ ತಿಳಿಯಲಿಲ್ಲ. ಬಾಂಬ್ ದಳದ ದುರ್ಬೀನಿಗೆ ಮಾತ್ರ ತಿಳಿಯಿತು. ಯೋಸೆಫಿನ್ ಅದನ್ನು ಕೆಳಗಿಳಿಸಿದಳು.

ಉಡುಪು ತೊಟ್ಟು ಅವಳೇ ಬಂದಳು. ಕರಡಿಯಂತೆ ಕಾಣುತ್ತಿದ್ದಳು. ಸಣ್ಣ ಯಂತ್ರವೊಂದನ್ನು ಡಬ್ಬಿಯ ಸುತ್ತ ಆಡಿಸಿ, ಒಳಗೆ ನೋಡಿ, ಮುಖದ ಕಾಪನ್ನು ಮೇಲೆತ್ತಿದಳು.

"ನಿಮ್ಮ ಮೇಲೆ ಕೇಸು ಹಾಕಬೇಕಾಗುತ್ತದೆ. ಪಟ್ಟಿ ದಾಟಿದ್ದಕ್ಕೆ."

"ಹಾಕಿ ತಾಯಿ."

"ಮೂರು ವಾರದೊಳಗೆ ವಿಚಾರಣೆಗೆ ಬರುವುದಿಲ್ಲ. ಬೇಸಿಗೆ ರಜೆ." ಅವಳು ಮುಚ್ಚಳವನ್ನು ಅವರ ಕೈಗೆ ಕೊಟ್ಟು, "ಹೋಗಿ ಬನ್ನಿ" ಎಂದಳು.

ಅಪಾಯವಿಲ್ಲವೆಂದು ಮೈಕಿನಲ್ಲಿ ಹೇಳಿದ್ದೇ ತಡ, ಎಲ್ಲರಿಗಿಂತ ಮೊದಲು ಓಡಿಬಂದವನು ಹಯವದನ. ಅವನ ಹಿಂದೆ ಪತ್ರಿಕೆಯ ಹುಡುಗಿ, ಅವಳ ಹಿಂದೆ ಕೃಷ್ಣಮೂರ್ತಿ. ಹುಡುಗಿ ಏನು ಕೇಳಿದಳೋ, ಹಯವದನ ಹೇಳುತ್ತಿದ್ದ: "ನಮ್ಮ ಸಂಸ್ಕೃತಿಯಲ್ಲಿ ತಾಯಿ ಎಂದರೆ ದೇವರು. ಪ್ರಕೃತಿಯ ಮಡಿಲಲ್ಲಿ ಇಡುವುದು ನಮ್ಮ ಪ್ರಾಚೀನ ಪದ್ಧತಿ. ಪರಿಸರಸ್ನೇಹಿ." ಕೃಷ್ಣಮೂರ್ತಿ ಕನ್ನಡ ಸಂಘದ ಗುಂಪಿಗೆ ಆಗಲೇ ಸಂದೇಶ ಹಾಕಿದ್ದ, ನಮ್ಮ ಪರಂಪರೆಗೆ ಸ್ವೀಡನ್ ಪೊಲೀಸರ ಗೌರವ ಎಂದು. ರಾಜ್ಯೋತ್ಸವದ ದಿನ ಆ ಅಧಿಕಾರಿಣಿಗೆ ಶಾಲು, ಹಾರ, ಮೈಸೂರು ಪೇಟ ಹಾಕಿ ಸನ್ಮಾನ ಮಾಡಬೇಕೆಂದೂ ಅದರಲ್ಲಿತ್ತು. ಅದಕ್ಕೆ ಮೂವತ್ತೊಂದು ಜನ ಕೈಮುಗಿದಿದ್ದರು.

"ಕೊಡಿ ಅಪ್ಪಾ, ನಾನು ಹಿಡ್ಕೋತೀನಿ" ಎಂದು ಹಯವದನ ಎರಡೂ ಕೈ ಚಾಚಿದ. ಕ್ಯಾಮೆರಾ ಎದ್ದಿತು.

ರಮಾನಂದರು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡರು. "ಬೇಡಪ್ಪ. ಒಳಗೆ ಏನಿದೆ ಅಂತ ನಿನಗೆ ಖಚಿತವಿಲ್ಲ. ಮುಟ್ಟಬೇಡ."

ಹಯವದನನ ಕೈಗಳು ಹಾಗೇ ನಿಂತವು. ಹುಡುಗಿ ಕ್ಯಾಮೆರಾ ಇಳಿಸಿದಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಏನೋ ಆಯಿತೆಂದು ಗೊತ್ತಾಯಿತು. ಅವನು ಜಾಕೆಟ್ ಕಳಚಿ ತೋಳಿನ ಮೇಲೆ ಹಾಕಿಕೊಂಡ. ಕಣ್ಣು ಕೆಂಪಾಗಿತ್ತು. "ಅಪ್ಪಾ, ನಾನು ಹೆದರ್ಕೊಂಡೆ" ಎಂದ ಮೆಲ್ಲಗೆ.

"ಗೊತ್ತು."

"ಅಮ್ಮ ಇದ್ದಿದ್ರೆ ಬೈತಿದ್ರು."

"ಇದಾಳಲ್ಲ" ಎಂದರು ರಮಾನಂದರು. ಪಂಚೆಯ ತುಂಡಿನಲ್ಲಿ ಡಬ್ಬಿಯನ್ನು ಮತ್ತೆ ಕಟ್ಟಿದರು. "ಮುಟ್ಟಬೇಡ ಅಂದಿದ್ದು ಇದನ್ನ. ಏಣಿ ಹಿಡ್ಕೋ. ಅಲುಗಾಡುತ್ತೆ."

"ಮತ್ತೆ ಮರಕ್ಕೇನಾ?" ಎಂದು ಕೃಷ್ಣಮೂರ್ತಿ ಹೌಹಾರಿದ. ಗುನ್ನೆಲ್ ನಡುವೆ ಬಂದು, ಮರಗಳಿಗೆ ಬಂಧುಗಳನ್ನು ತೂಗುಹಾಕುವ ಕುರಿತು ಕಟ್ಟಡದ ಸಂಘದ ನಿಯಮಾವಳಿಯಲ್ಲಿ ಸದ್ಯ ಏನೂ ಇಲ್ಲವೆಂದೂ ಶರತ್ಕಾಲದ ಮಹಾಸಭೆಯಲ್ಲಿ ಚರ್ಚಿಸಬೇಕಾಗುವುದೆಂದೂ ತಿಳಿಸಿದರು. ಕಾಫಿ ಇನ್ನೂ ಬಿಸಿಯಾಗಿದೆ ಎಂದೂ ಹೇಳಿದರು.

ಯೋಸೆಫಿನ್ ತಡೆಯಲಿಲ್ಲ. ಪರೀಕ್ಷೆಯಾದ ವಸ್ತುಗಳಿಗೆ ಕಟ್ಟುವ ಹಳದಿ ಚೀಟಿಯೊಂದನ್ನು ಜೇಬಿನಿಂದ ತೆಗೆದು, ತಾರೀಖು ಹಾಕಿ, ಹೆಸರಿನ ಜಾಗದಲ್ಲಿ ಏನು ಬರೆಯಬೇಕೆಂದು ಕೇಳಿದಳು. ರಮಾನಂದರು ಒಂದೊಂದೇ ಅಕ್ಷರ ಹೇಳಿದರು. ಅವಳು ಬರೆದು, ಸಹಿ ಮಾಡಿ, ಚೀಟಿಯನ್ನು ಹಗ್ಗಕ್ಕೆ ಸಿಕ್ಕಿಸಿದಳು.

ಹಯವದನ ಎರಡೂ ಕೈಯಲ್ಲಿ ಏಣಿ ಹಿಡಿದ. ರಮಾನಂದರು ಮೇಲೆ ಹೋಗಿ ಅದೇ ಕೊಂಬೆಗೆ ಗಂಟು ಬಿಗಿದು, ಕನ್ನಡಕ ಸರಿಮಾಡಿಕೊಂಡು ಚೀಟಿಯನ್ನು ಓದಿದರು. 'ವೈದೇಹಿ ರಮಾನಂದ. ಪರೀಕ್ಷಿಸಲಾಗಿದೆ. ಯಾವುದೇ ಅಪಾಯವಿಲ್ಲ.'

ನಲವತ್ತಾರು ವರ್ಷ ಅವಳ ಜೊತೆ ಸಂಸಾರ ಮಾಡಿದವರಿಗೆ ಆ ಕಡೆಯ ಎರಡು ಪದ ಓದಿ ನಗು ಬಂತು. ಪಾಪ, ಬರೆದವಳಿಗೆ ವೈದೇಹಿಯ ಪರಿಚಯವಿರಲಿಲ್ಲ.